ಖಾಲಿ ಹಲಗೆ

ಭಾನುವಳ್ಳಿಯ ಶಾಲೆ. ಬೋಧನಾಭ್ಯಾಸಕ್ಕೆ ಬಂದ ಬಿ.ಇಡಿ. ಹುಡುಗ, ಬಿಸಿಯೂಟದ ಲೆಕ್ಕ ಬರೆಯುತ್ತಿರುವ ಹೆಡ್‌ಮೇಷ್ಟ್ರು.

"ಮಗು ಅಂದ್ರೇನಪ್ಪಾ?"

"ಖಾಲಿ ಹಲಗೆ ಸಾರ್. ಲಾಕ್ ಹೇಳಿದ್ದು, ಐದು ಅಂಕ."

"ನಿನ್ನೆ ಹುಟ್ಟಾ ಒಳ್ಳೇದು ಅಂದಿದ್ದೆ?"

"ಅದು ರೂಸೋ ಸಾರ್, 1762. ಅದಕ್ಕೂ ಐದು."

"ಅವನು ತನ್ನ ಮಕ್ಕಳನ್ನೇ ಅನಾಥಾಲಯಕ್ಕೆ ಬಿಟ್ಟನಲ್ಲ?"

"ಅದು ಸಿಲಬಸ್‌ನಲ್ಲಿಲ್ಲ ಸಾರ್."

"ಹಿಂದಿನ ಬೆಂಚಿನವನು ಕಿಟಕಿ ಬಿಟ್ಟು ಕಣ್ಣು ಕೀಳ್ತಿಲ್ಲ, ಯಾಕೆ?"

"ಗಮನದ ಕೊರತೆ."

"ಭದ್ರಾ ನಾಲೆ ನೀರು ಗದ್ದೆಗೆ ಬಂತಾ ಅಂತ ನೋಡ್ತಾನೆ ಕಣಯ್ಯಾ! ನಮ್ಮದು ಕೊನೇ ಭಾಗ."

(2009ರ ಶಿಕ್ಷಣ ಹಕ್ಕು ಕಾಯ್ದೆ ಬೆತ್ತ ಕಿತ್ತುಕೊಂಡಿದೆ. ಆದರೂ ಸಿದ್ಧಾಂತ ಕೈಕೊಟ್ಟಾಗ ಹುಡುಗನ ಕೈ ಮೇಜಿನ ಮೇಲಿನ ಸ್ಕೇಲು ತಡಕುತ್ತದೆ.)

"ಅವನ ಹೆಸರೇನು, ಹೇಳು?"

"ಕ್ರಮಸಂಖ್ಯೆ ಹದಿನೇಳು ಸಾರ್."