ಇನ್ನೂ ರಚನೆಯಾಗದ ಸಮಿತಿಗೊಂದು ಬಹಿರಂಗ ಪತ್ರ

ಮುಂದಿನ ಪಠ್ಯಪುಸ್ತಕ ಪರಿಷ್ಕರಣಾ ಸಮಿತಿಯ ಮಾನ್ಯ ಅಧ್ಯಕ್ಷರೇ, ಸದಸ್ಯರೇ,

ನೀವು ಯಾರೆಂದು ನನಗಿನ್ನೂ ಗೊತ್ತಿಲ್ಲ. ಆದರೆ ಸರ್ಕಾರ ಬದಲಾದರೆ ಸಮಿತಿಯೂ ಬದಲಾಗುತ್ತದೆ, ಸಮಿತಿ ಬದಲಾದರೆ ಟಿಪ್ಪು ಸುಲ್ತಾನನ ಪಾಠಕ್ಕೆ ಕೈ ಬೀಳುತ್ತದೆ. 2015ರಲ್ಲಿ ಸರ್ಕಾರವೇ ಅವನ ಜಯಂತಿ ಆಚರಿಸಿದಾಗ ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರಲ್ಲಿ ಬಂದ ಸರ್ಕಾರ ಜಯಂತಿಯನ್ನೇ ರದ್ದು ಮಾಡಿತು. ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟವನಾಗಿ ಈಗಲೇ ಬರೆಯುತ್ತಿದ್ದೇನೆ. ನಿಮ್ಮ ಹೆಸರು ಪ್ರಕಟವಾದ ಮೇಲೆ ಬರೆದರೆ ಯಾವ ಪಕ್ಷದ ಪರವಾಗಿ ಬರೆದೆನೆಂಬುದೇ ಚರ್ಚೆಯಾದೀತು.

ನನ್ನ ಕೋರಿಕೆ ಇಷ್ಟೆ: ತೀರ್ಪನ್ನು ನೀವು ಬರೆಯಬೇಡಿ. ಸಾಕ್ಷ್ಯಗಳನ್ನು ಮಕ್ಕಳ ಮುಂದಿಡಿ. ನಿಮಗೆ ಹಿಡಿಸದ ಸಾಕ್ಷ್ಯವನ್ನು ಮೊದಲು ಇಡಿ.

1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಸೂರೆ ಮಾಡಿತು. ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಶಾರದೆಯ ಪುನಃಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕಳಿಸಿಕೊಟ್ಟವನು ಟಿಪ್ಪು. ಅವನು ಮಠಕ್ಕೆ ಬರೆಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು 'ಕರ್ನಾಟಕ ಕವಿಚರಿತೆ'ಯ ಆರ್. ನರಸಿಂಹಾಚಾರ್ಯರು. ಅವನನ್ನು ದೇವಾಲಯಗಳ ವೈರಿಯೆಂದಷ್ಟೇ ತಿಳಿದ ಹುಡುಗ ಈ ಪತ್ರಗಳನ್ನು ಓದಲೇಬೇಕು. ಮೆಚ್ಚುವವನೂ ಅದೇ ಪತ್ರಗಳ ಕಾಲವನ್ನು ಗಮನಿಸಬೇಕು. 1791ರ ಮಾರ್ಚ್‌ನಲ್ಲೇ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದಿದ್ದ. ಟಿಪ್ಪು ಶತ್ರುನಾಶಕ್ಕಾಗಿ ಮಠದಲ್ಲಿ ಚಂಡೀಜಪ ಮಾಡಿಸಿದ. ಅದು ಭಕ್ತಿಯೋ, ಸಂಕಟದಲ್ಲಿದ್ದ ದೊರೆಯ ಲೆಕ್ಕಾಚಾರವೋ? ಎರಡೂ ಇದ್ದಿರಬಹುದೆಂದು ನನಗನಿಸುತ್ತದೆ. ಹಾಗೆ ಅನಿಸಬೇಕೆಂದು ಮಕ್ಕಳಿಗೆ ನಾನು ಹೇಳಲಾರೆ.

ಅದಕ್ಕೆ ಏಳು ವರ್ಷ ಹಿಂದೆ, 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ಯಾಥೊಲಿಕರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದವನೂ ಇವನೇ. ಹೆಂಗಸರು, ಮಕ್ಕಳು, ಮುದುಕರು ಆ ದಾರಿಯಲ್ಲಿದ್ದರು. ಇಗರ್ಜಿಗಳನ್ನು ಕೆಡವಲಾಯಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ, ಸೆರೆಯ ಬಗ್ಗೆ ಇಲ್ಲ. ಉಳಿದವರು ಊರು ಕಂಡದ್ದು 1799ರಲ್ಲಿ ಅವನು ಸತ್ತ ಮೇಲೆ. ಕೊಡವರಿಗೂ ಇಂಥದೇ ಗತಿ ಬಂತು. ಕಾರಣ ವಿವರಿಸಿದರೆ ಸಮರ್ಥಿಸಿದಂತೆ ಎಂದು ಒಂದು ಕಡೆಯವರು ಹೆದರುತ್ತಾರೆ, ಕಾರಣ ಸಿಕ್ಕಿತೆಂದು ಇನ್ನೊಂದು ಕಡೆಯವರು ನಿರಾಳರಾಗುತ್ತಾರೆ. ಒಂದು ಜನಾಂಗವನ್ನೇ ಬೇರು ಸಹಿತ ಕಿತ್ತ ಶಿಕ್ಷೆಗೆ ಯುದ್ಧಕಾಲದ ಅನುಮಾನ ಸಮರ್ಥನೆಯಾಗದು. ಆದರೂ ಆ ಅನುಮಾನ ಎಲ್ಲಿಂದ ಹುಟ್ಟಿತೆಂಬುದು ವಿದ್ಯಾರ್ಥಿಗೆ ತಿಳಿದಿರಲೇಬೇಕು.

ಇನ್ನು ಆಕರಗಳ ಮಾತು. ಟಿಪ್ಪುವಿನ ಪರ್ಷಿಯನ್ ಪತ್ರಗಳನ್ನು ಆಯ್ದು ಇಂಗ್ಲಿಷಿಗೆ ತಂದು 1811ರಲ್ಲಿ ಪ್ರಕಟಿಸಿದ ಕರ್ಕ್‌ಪ್ಯಾಟ್ರಿಕ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಗೆದ್ದವನು ಸೋತವನ ಕಾಗದಗಳಲ್ಲಿ ಯಾವುದನ್ನು ಆರಿಸಿದ, ಯಾವುದನ್ನು ಬಿಟ್ಟ ಎಂದು ಕೇಳುವುದನ್ನು ಕಲಿಸಿ. ಜೊತೆಗೆ ಇದನ್ನೂ ಕಲಿಸಿ: ಅನುವಾದಕ ದ್ವೇಷಿ ಎಂದ ಮಾತ್ರಕ್ಕೆ ಪತ್ರ ಸುಳ್ಳಾಗುವುದಿಲ್ಲ. ಕಾಗದದಲ್ಲಿಲ್ಲದ ಆಕರವೂ ಇದೆ: ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳು, ಟಿಪ್ಪು ಮಾಡಿಸಿದನೆಂದು ಅವರು ಹೇಳುವ ತಮ್ಮ ಹಿರಿಯರ ಹತ್ಯೆಯ ನೆನಪಿನಲ್ಲಿ, ನರಕ ಚತುರ್ದಶಿ ಆಚರಿಸುವುದಿಲ್ಲ. ಆ ಘಟನೆಗೆ ಅಂದಿನ ಲಿಖಿತ ಆಧಾರ ಕಡಿಮೆ. ತಲೆಮಾರುಗಳಿಂದ ಹಬ್ಬ ಬಿಟ್ಟು ಕಾಪಾಡಿದ ನೆನಪಿಗೆ ಇತಿಹಾಸದಲ್ಲಿ ಎಷ್ಟು ತೂಕ? ಹತ್ತನೇ ತರಗತಿಯವರು ಇದನ್ನು ಚರ್ಚಿಸಬಲ್ಲರು. ನಾವೇ ಅವಕಾಶ ಕೊಟ್ಟಿಲ್ಲ.

ಪಾಠದ ಕೊನೆಯಲ್ಲಿ "ಸಾಧನೆಗಳನ್ನು ಪಟ್ಟಿ ಮಾಡಿ" ಎಂಬ ಪ್ರಶ್ನೆ ಬೇಡ. ಟಿಪ್ಪುವನ್ನು ಮೆಚ್ಚುವ ವಿದ್ಯಾರ್ಥಿ ಕೊಡವ ಸಹಪಾಠಿಯ ವಾದವನ್ನು, ಅವನೇ ಒಪ್ಪುವ ಹಾಗೆ, ಮೊದಲು ಬರೆಯಲಿ. ದೂಷಿಸುವವನು ಶೃಂಗೇರಿಯ ಪತ್ರಗಳನ್ನು ಅಷ್ಟೇ ನ್ಯಾಯವಾಗಿ ವಿವರಿಸಲಿ. ಆಮೇಲೆ ಇಬ್ಬರೂ ತಮ್ಮ ತಮ್ಮ ನಿಲುವು ಹೇಳಲಿ. ಮೌಲ್ಯಮಾಪಕರಿಗೆ ಕೊಡುವ ಮಾದರಿ ಉತ್ತರದಲ್ಲಿ ದಯವಿಟ್ಟು ಹೀಗೆ ನಮೂದಿಸಿ: ನಿಲುವು ಯಾವುದಿದ್ದರೂ ಅಂಕ ಕಳೆಯಬಾರದು, ಎದುರು ಸಾಕ್ಷ್ಯವನ್ನು ಮುಟ್ಟದೆ ಬಿಟ್ಟಿದ್ದರೆ ಅರ್ಧ ಅಂಕ.

ಇಂತಿ,
ಒಬ್ಬ ನಿವೃತ್ತ ಮೇಷ್ಟ್ರು