ಕಾರು ಮಾರಾಟಕ್ಕಿದೆ, ಮನಸ್ಸಿಲ್ಲ

ಅಮೆರಿಕದಲ್ಲಿ 1957ರ ಷೆವರ್ಲೆ ಬೆಲ್ ಏರ್ ಮಾರಲು ಕೂತವನ ಮುಂದೆ ಹೆಣ್ಣು ಕೊಡುವ ಮಾವನೂ ಸಪ್ಪೆ. ಗ್ಯಾರೇಜ್ ಇದೆಯೇ? ಮಳೆಯಲ್ಲಿ ಓಡಿಸ್ತೀಯಾ? ಮಕ್ಕಳು ಐಸ್‌ಕ್ರೀಮ್ ತಿಂತಾರಾ?

ಕೊಳ್ಳುವವನೇನು ಕಮ್ಮಿ! ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ಎಂಜಿನ್ ನಂಬರು ಓದುತ್ತಾನೆ. ಕಾರಿನ ಜೊತೆ ಹುಟ್ಟಿದ ಎಂಜಿನ್ನೋ, ನಡುವೆ ಕೂರಿಸಿದ್ದೋ ಎನ್ನುವುದರ ಮೇಲೆ ಬೆಲೆ ಏರಿಳಿಯುತ್ತದೆ. ಆಮೇಲೆ ಆಯಸ್ಕಾಂತದಿಂದ ಬಾಡಿ ತಡವುತ್ತಾನೆ. ಅದು ಅಂಟದ ಕಡೆ, ಬಣ್ಣದಡಿ ತಗಡಿನ ಬದಲು ಪುಟ್ಟಿ ಇದೆ ಅಂತಲೇ ಲೆಕ್ಕ. ಇಷ್ಟೆಲ್ಲ ಪಾಂಡಿತ್ಯ ಮೆರೆದವನು ‘ಪೆಟ್ರೋಲ್ ಎಲ್ಲಿ ಹಾಕೋದು?’ ಅಂದನೋ, ಕೆಟ್ಟ! ಮುಚ್ಚಳ ಎಡಗಡೆಯ ಬಾಲದ ರೆಕ್ಕೆಯ ಕ್ರೋಮ್ ಪಟ್ಟಿಯ ಹಿಂದೆ ಅಡಗಿದೆ.

ಮಾರುವವನು ದುರಸ್ತಿಯ ರಸೀತಿಗಳ ದಪ್ಪ ಫೈಲನ್ನು ಗಿರಾಕಿಗೆ ಧಾರಾಳವಾಗಿ ತೋರಿಸುತ್ತಾನೆ. ಹೆಂಡತಿ ಕಾಫಿ ತಂದಳೋ, ಫೈಲಿನ ಮೇಲೆ ಪತ್ರಿಕೆ ಬೀಳುತ್ತದೆ.