ಕಾನೂನಿಗೂ ಬರುತ್ತದೆ ಆಷಾಢ

ಆಷಾಢ ಬಂತೆಂದರೆ ಚಿಕ್ಕಪೇಟೆಯ ಸೀರೆ ಅಂಗಡಿಗಳ ಮುಂದೆ ಅರ್ಧ ಬೆಲೆಯ ಬೋರ್ಡು ಬೀಳುತ್ತದೆ. ಲೆಕ್ಕ ಬಲ್ಲ ಗೃಹಿಣಿಯರು ಯುಗಾದಿಯಲ್ಲಿ ನೋಡಿಟ್ಟ ಸೀರೆಯನ್ನು ಆಷಾಢದಲ್ಲಿ ಕೊಳ್ಳುತ್ತಾರೆ. ನಮ್ಮ ರಾಜ್ಯದಲ್ಲಿ ಕಾನೂನಿಗೂ ಒಂದು ಆಷಾಢ ಬರುತ್ತದೆ ಸ್ವಾಮಿ. ಒಂಟಿಕೊಪ್ಪಲ್ ಪಂಚಾಂಗದಲ್ಲಿ ಅದರ ತಿಥಿ ಇರುವುದಿಲ್ಲ, ಅಷ್ಟೇ. ಅದಕ್ಕಾಗಿ ಕಾಯುವ ತಾಳ್ಮೆ ಇದ್ದವನು ಜಾಣ, ಇಲ್ಲದವನು ನಮ್ಮ ಎದುರುಮನೆ ಮೇಷ್ಟ್ರು.

ಈ ಮೇಷ್ಟ್ರು ನಿವೃತ್ತರು. ಜೀವಮಾನವಿಡೀ ಮಕ್ಕಳಿಗೆ ಪೌರನೀತಿ ಪಾಠ ಹೇಳಿ ಹೇಳಿ ಕೊನೆಗೆ ತಾವೇ ಅದನ್ನು ನಂಬಿಬಿಟ್ಟವರು. ಒಮ್ಮೆ ತರಕಾರಿ ತರಲು ಹೆಲ್ಮೆಟ್ ಇಲ್ಲದೆ ಸ್ಕೂಟರ್ ಹತ್ತಿದ್ದು ಕಂಬದ ಮೇಲಿನ ಕ್ಯಾಮೆರಾ ಕಣ್ಣಿಗೆ ಬಿತ್ತು. ಮೊಬೈಲಿಗೆ 500 ರೂಪಾಯಿ ದಂಡದ ಸಂದೇಶ ಬಂತು. ಮೇಷ್ಟ್ರಿಗೆ ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವರೇ ದಂಡ ಕಟ್ಟಿ, ರಸೀದಿಯನ್ನು ಮುದ್ರಿಸಿಕೊಂಡು ಫೈಲಿನಲ್ಲಿಟ್ಟರು.

ಆಮೇಲೆ 2023ರ ಫೆಬ್ರುವರಿ ಬಂತು. ಬಾಕಿ ಇರುವ ಟ್ರಾಫಿಕ್ ದಂಡವನ್ನು ಇಷ್ಟು ದಿನದೊಳಗೆ ಕಟ್ಟಿದರೆ ಶೇ. 50 ರಿಯಾಯಿತಿ ಎಂದು ಸರ್ಕಾರ ಸಾರಿತು. ಬೆಂಗಳೂರು ಎದ್ದು ಕೂತಿತು. ಸಿಗ್ನಲಿನಲ್ಲಿ ಅರ್ಧ ನಿಮಿಷ ನಿಲ್ಲಲಾರದೆ ದಂಡ ಹಾಕಿಸಿಕೊಂಡ ಜನ ಆ ದಂಡ ಕಟ್ಟಲು ಬಿಸಿಲಲ್ಲಿ ಗಂಟೆಗಟ್ಟಲೆ ಕ್ಯೂ ನಿಂತರು, ಅದೂ ಒಬ್ಬರನ್ನೊಬ್ಬರು ತಳ್ಳದೆ. ಕೆಲವೇ ದಿನಗಳಲ್ಲಿ ವಸೂಲಿ ನೂರು ಕೋಟಿ ದಾಟಿತು. ಬೊಕ್ಕಸಕ್ಕೆ ಖುಷಿ, ತಪ್ಪಿತಸ್ಥರಿಗೆ ಇನ್ನೂ ಖುಷಿ. ಮೇಷ್ಟ್ರು ಮಾತ್ರ ಫೈಲು ಹಿಡಿದು ಹೋಗಿ ಅಲ್ಲಿದ್ದ ಒಬ್ಬ ಸಿಬ್ಬಂದಿಯನ್ನು ಕೇಳಿದರು, “ನನಗೆ 250 ವಾಪಸ್ ಬರಬೇಕಲ್ಲವೇ?”

“ನೀವು ಆಗಲೇ ಕಟ್ಟಿಬಿಟ್ಟಿದ್ದೀರಲ್ಲ ಸಾರ್.”

“ಕಟ್ಟಿದ್ದೇ ತಪ್ಪಾಯಿತೇನಪ್ಪಾ?”

“ತಪ್ಪು ಅಂತ ಅಲ್ಲ ಸಾರ್. ಅವಸರ ಮಾಡಿದ್ರಿ.”

ಅದೇ ಬೀದಿಯಲ್ಲಿ ಒಬ್ಬ ಕಂಟ್ರಾಕ್ಟರ್ ಇದ್ದಾನೆ. ಅವನ ಬೈಕಿನ ದಂಡದ ಪಟ್ಟಿ ಅವನ ಬೈಕಿಗಿಂತ ಉದ್ದ. ಫೆಬ್ರುವರಿಯ ಕ್ಯೂನಲ್ಲೂ ಅವನು ನಿಲ್ಲಲಿಲ್ಲ. “ಯಾಕಯ್ಯಾ, ಅರ್ಧಕ್ಕೆ ಮುಗಿಯುತ್ತಲ್ಲ?” ಎಂದರೆ, “ಇನ್ನೊಂದ್ಸಲ ಬಿಡ್ತಾರೆ ಸುಮ್ನಿರಿ ಸಾರ್” ಎಂದ. ಅದೇ ವರ್ಷ ಮತ್ತೆ ಬಿಟ್ಟರು. 2025ರ ಆಗಸ್ಟಿನಲ್ಲಿ ಇನ್ನೊಮ್ಮೆ ಬಿಟ್ಟರು. ಟಿವಿಯಲ್ಲಿ ಬೆಳಬೆಳಿಗ್ಗೆ ಭವಿಷ್ಯ ಹೇಳುವವರಲ್ಲಿ ಒಬ್ಬರದಾದರೂ ಇಷ್ಟು ಕರಾರುವಾಕ್ಕಾಗಿ ಫಲಿಸಿದ್ದನ್ನು ನಾನು ಕಂಡಿಲ್ಲ.

ಆ 2025ರ ಆಗಸ್ಟಿನಲ್ಲೇ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೆಬ್ಬಾಳದ ಮೇಲ್ಸೇತುವೆಯ ಹೊಸ ಲೂಪನ್ನು ಪರಿಶೀಲಿಸಲು ಸ್ಕೂಟರ್ ಏರಿದರು. ಹೆಲ್ಮೆಟ್ ಇತ್ತು, ಕ್ಯಾಮೆರಾ ಇತ್ತು, ಎಲ್ಲ ಚೆನ್ನಾಗಿತ್ತು. ಅಷ್ಟರಲ್ಲಿ ಯಾರೋ ನಂಬರ್ ಪ್ಲೇಟು ನೋಡಿ ಹುಡುಕಿದರೆ ಆ ಸ್ಕೂಟರಿನ ಮೇಲೆ 34 ಉಲ್ಲಂಘನೆ, 18,500 ರೂಪಾಯಿ ಬಾಕಿ! ಸ್ಕೂಟರ್ ಅವರದ್ದಲ್ಲ ಎನ್ನಿ, ಒಪ್ಪಿದೆ. ಎರವಲು ಗಾಡಿ ಹತ್ತುವಾಗ ಅದರ ಜಾತಕ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ತಿಂಗಳು ಕಳೆಯುವುದರೊಳಗೆ ಇನ್ನೊಂದು ಸುದ್ದಿ ಬಂತು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲೆ ಏಳು ಪ್ರಕರಣ, ಅದರಲ್ಲಿ ಆರು ಸೀಟ್ ಬೆಲ್ಟ್ ಹಾಕದ್ದಕ್ಕೆ. ದಂಡವನ್ನೇನೋ ಕಟ್ಟಿದರು. ಯಾವಾಗ ಕಟ್ಟಿದರು? ಅರ್ಧ ಬೆಲೆಯ ಅವಧಿಯಲ್ಲಿ.

ಇದನ್ನು ಹೇಳಿದರೆ ಕಂಟ್ರಾಕ್ಟರ್ ಎದೆ ಉಬ್ಬಿಸಿ, “ನೋಡಿ ಸಾರ್, ನಾನೂ ಸಿಎಂ ಸಾಹೇಬ್ರೂ ಒಂದೇ ರೀತಿ ಯೋಚನೆ ಮಾಡ್ತೀವಿ” ಎಂದ. ಹೌದಲ್ಲ ಎನ್ನದೆ ನನಗೆ ಬೇರೆ ದಾರಿ ಇರಲಿಲ್ಲ. ವಿರೋಧ ಪಕ್ಷದವರು ಇದನ್ನು ಹಿಡಿದು ಒಂದು ವಾರ ಕೂಗಾಡಿದರು ಸರಿ. ಆದರೆ 2023ರ ಫೆಬ್ರುವರಿಯ ಆ ಮೊದಲ ರಿಯಾಯಿತಿ ಅವರದೇ ಸರ್ಕಾರದ ಕಾಲದ್ದು. ಮಿಕ್ಕೆಲ್ಲದಕ್ಕೂ ಕಚ್ಚಾಡುವ ನಮ್ಮ ಪಕ್ಷಗಳು ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಆಡಳಿತಕ್ಕಿಳಿಸುವುದರಲ್ಲಿ ಮಾತ್ರ ಎಂದೂ ಜಗಳವಾಡಿದ್ದಿಲ್ಲ.

ದಂಡದ ಸಂಗತಿ ಚಿಲ್ಲರೆ ವ್ಯಾಪಾರ. ಸಗಟು ವ್ಯಾಪಾರ ನೋಡಬೇಕಾದರೆ ಮನೆ ಕಟ್ಟುವ ಕಡೆ ಬನ್ನಿ.

ನಕ್ಷೆಯ ಪ್ರಕಾರ ಮನೆಯ ಸುತ್ತ ಇಷ್ಟಡಿ ಜಾಗ ಬಿಡಬೇಕೆಂದು ನಿಯಮ. ಮೇಷ್ಟ್ರು ಬಿಟ್ಟರು. ಬಿಟ್ಟ ಜಾಗದಲ್ಲಿ ಒಂದು ಕರಿಬೇವಿನ ಗಿಡ, ಒಂದು ತುಳಸಿ. ಅವರ ಪಕ್ಕದಲ್ಲಿ ಕಂಟ್ರಾಕ್ಟರ್ ಕಟ್ಟಿದ ನಾಲ್ಕಂತಸ್ತಿನ ಬಾಡಿಗೆ ಮನೆ ಎದ್ದಿತು, ಗೋಡೆ ಬಂದು ಕಾಂಪೌಂಡಿಗೆ ಮುತ್ತಿಟ್ಟಿತು. ಈಗ ಅಲ್ಲಿ ಎರಡನೇ ಮಹಡಿಯವರು ಒಗ್ಗರಣೆ ಹಾಕಿದರೆ ಮೇಷ್ಟ್ರ ಮನೆಯವರು ಸೀನುತ್ತಾರೆ. ಕರಿಬೇವಿಗೆ ಬಿಸಿಲಿಲ್ಲ. ಕಂಟ್ರಾಕ್ಟರನ್ನು ಕೇಳಿದರೆ, “ಅಕ್ರಮ-ಸಕ್ರಮದಲ್ಲಿ ಸರಿ ಹೋಗುತ್ತೆ ಬಿಡಿ ಸಾರ್” ಎನ್ನುತ್ತಾನೆ.

ಅವನ ನಂಬಿಕೆ ಗಾಳಿಗೋಪುರವೇನಲ್ಲ. 2007ರಲ್ಲಿ ಜೆಡಿಎಸ್-ಬಿಜೆಪಿ ಜೋಡಿಯ ಕಾಲದಲ್ಲಿ ಇದಕ್ಕಾಗಿಯೇ ಕಾನೂನು ತಿದ್ದಲಾಯಿತು. 2014ರಲ್ಲಿ ಕಾಂಗ್ರೆಸ್ ಸರ್ಕಾರ ಅದಕ್ಕೆ ನಿಯಮ ಬರೆಯಿತು. 2013ರ ಅಕ್ಟೋಬರ್ 19ಕ್ಕೆ ಮುಂಚೆ ಕಟ್ಟಿದ ವಾಸದ ಮನೆಯಾದರೆ ಶೇ. 50ರವರೆಗಿನ ಉಲ್ಲಂಘನೆ ಮಾಫಿ, ವಾಣಿಜ್ಯ ಕಟ್ಟಡವಾದರೆ ಶೇ. 25, ಶುಲ್ಕ ಬೇರೆ. ಇಲ್ಲಿಯೂ ಅರ್ಧದ ಲೆಕ್ಕವೇ ನೋಡಿ, ನಮ್ಮವರಿಗೆ ಅರ್ಧದ ಮೇಲೆ ಅದೇನು ಮೋಹವೋ. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಒಪ್ಪಿತು, ಮರುತಿಂಗಳೇ ಸುಪ್ರೀಂ ಕೋರ್ಟು ತಡೆ ಹಾಕಿತು. ಅಲ್ಲಿಂದೀಚೆಗೆ ಅಕ್ರಮದವರೂ ಸಕ್ರಮದವರೂ ಒಂದೇ ನೀರು, ಒಂದೇ ಕರೆಂಟು, ಒಂದೇ ಗುಂಡಿ ರಸ್ತೆ ಹಂಚಿಕೊಂಡು ಬಾಳುತ್ತಿದ್ದಾರೆ.

ಬಿ ಖಾತೆಯ ಕಥೆ ಇದಕ್ಕಿಂತ ಸ್ವಾರಸ್ಯ. ನಿಮ್ಮ ನಿವೇಶನ ಕ್ರಮಬದ್ಧವಲ್ಲ ಎಂದು ಪಾಲಿಕೆಗೆ ಗೊತ್ತು. ಕ್ರಮಬದ್ಧವಲ್ಲ ಎಂಬುದನ್ನು ಬರೆದಿಡಲು ಅದು ಒಂದು ಪ್ರತ್ಯೇಕ ವಹಿಯನ್ನೇ ಇಟ್ಟಿತು. ಆ ವಹಿಯಲ್ಲಿ ನಿಮ್ಮ ಹೆಸರು ಬರೆದು ವರ್ಷ ವರ್ಷ ತೆರಿಗೆ ಕಟ್ಟಿಸಿಕೊಂಡಿತು. “ತೆರಿಗೆ ತೆಗೆದುಕೊಂಡಿದ್ದೀರಲ್ಲ, ಹಾಗಾದರೆ ಮನೆ ಸರಿಯಾಯಿತೇ?” ಎಂದರೆ, ಛೆ ಛೆ, ಅದು ಬೇರೆ ಇದು ಬೇರೆ. 2025ರ ನವೆಂಬರಿನಲ್ಲಿ ಇದಕ್ಕೂ ಆಷಾಢ ಬಂತು: ನೂರು ದಿನದೊಳಗೆ ಮಾರ್ಗಸೂಚಿ ದರದ ಶೇ. 5 ಕಟ್ಟಿ, ಬಿ ಖಾತೆಯನ್ನು ಎ ಖಾತೆ ಮಾಡಿಸಿಕೊಳ್ಳಿ. ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಇಲ್ಲದ ಕಟ್ಟಡಕ್ಕೆ ಕರೆಂಟು ನೀರು ಕೊಡಕೂಡದೆಂದು ಸುಪ್ರೀಂ ಕೋರ್ಟು 2024ರ ಕೊನೆಯಲ್ಲಿ ಹೇಳಿದಾಗಲೂ ಹೀಗೇ. ಬೆಸ್ಕಾಂ ಮೀಟರ್ ಕೊಡುವುದು ನಿಂತಿತು, ಜನ ತಲೆ ಮೇಲೆ ಕೈ ಹೊತ್ತರು. ಸರ್ಕಾರ ಏನು ಮಾಡಿತು? 1,200 ಚದರಡಿವರೆಗಿನ ನಿವೇಶನದ ಮನೆಗೆ ಓಸಿಯೇ ಬೇಡ ಎಂದಿತು. ವಿದ್ಯಾರ್ಥಿ ಪಾಸಾಗದಿದ್ದರೆ ಪರೀಕ್ಷೆಯನ್ನೇ ತೆಗೆದುಹಾಕುವ ಉಪಾಯ ಮೇಷ್ಟ್ರಿಗೆ ಮೂವತ್ತು ವರ್ಷದ ನೌಕರಿಯಲ್ಲಿ ಹೊಳೆದಿರಲಿಲ್ಲವಂತೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಬಗರ್ ಹುಕುಂ ಜಮೀನು ಉಳುವ ರೈತ ಫಾರಂ 50, ಫಾರಂ 53, ಫಾರಂ 57 ಎಂದು ಅರ್ಜಿಯ ಮೇಲೆ ಅರ್ಜಿ ಹಾಕಿ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸುತ್ತಾನಲ್ಲ, ಅವನನ್ನು ಈ ಹರಟೆಗೆ ಎಳೆಯಲಾರೆ. ಅವನ ಕೈಯಲ್ಲಿರುವುದು ಎರಡೆಕರೆ ಬರಡು, ಅದನ್ನು ಹಸನು ಮಾಡಿದ ಬೆವರು. 30-40 ನಿವೇಶನದ ಬಿ ಖಾತೆಯವನೂ ದಲ್ಲಾಳಿ ಮಾತು ನಂಬಿ ಕೂಡಿಟ್ಟ ದುಡ್ಡು ಸುರಿದವನು. ನನ್ನ ಜಗಳ ಇರುವುದು ಎಲ್ಲ ಗೊತ್ತಿದ್ದೂ ಮಾರುವವನ ಜೊತೆ, ಎಲ್ಲ ಗೊತ್ತಿದ್ದೂ ಸಹಿ ಹಾಕುವವನ ಜೊತೆ.

ಆ ಸಹಿಯ ಬೆಲೆ ಏನೆಂದು 2016ರ ಆಗಸ್ಟಿನಲ್ಲಿ ಬೆಂಗಳೂರು ಕಂಡಿತು. ರಾಜಕಾಲುವೆ ಒತ್ತುವರಿ ತೆರವು ಎಂದು ಜೆಸಿಬಿಗಳು ಹೊರಟವು. ಹಲವರು ಮಂಜೂರಾದ ನಕ್ಷೆ, ನೋಂದಣಿ ಪತ್ರ, ಖಾತೆ, ತೆರಿಗೆ ರಸೀದಿ ಎಲ್ಲ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದರು. ಪ್ರತಿ ಕಾಗದದ ಮೇಲೂ ಸರ್ಕಾರದ್ದೇ ಮುದ್ರೆ. ಜೆಸಿಬಿಯೂ ಸರ್ಕಾರದ್ದೇ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ದಾನದ ವಿಷಯದಲ್ಲಿ ಹಿರಿಯರು ಹೇಳುತ್ತಾರೆ, ನಕ್ಷೆ ಮಂಜೂರಾತಿಯ ವಿಷಯದಲ್ಲಲ್ಲ. ಮನೆ ಬಿದ್ದವು. ಮಂಜೂರು ಮಾಡಿದವರ ಕುರ್ಚಿಗೆ ಅದೇ ವೇಗದಲ್ಲಿ ಜೆಸಿಬಿ ಬಂದದ್ದನ್ನು ನಾನಂತೂ ನೋಡಲಿಲ್ಲ. ದೊಡ್ಡ ದೊಡ್ಡ ಗೇಟುಗಳು ಎದುರಾಗುತ್ತಿದ್ದಂತೆ ಯಂತ್ರಗಳಿಗೂ ಆಯಾಸವಾಯಿತು. 2022ರ ಮಳೆಗಾಲದಲ್ಲಿ ಐಟಿ ಮಂದಿ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದ ಮೇಲೆ ಜೆಸಿಬಿ ಮತ್ತೆ ಹೊರಟಿತು, ಮತ್ತೆ ಆಯಾಸವಾಯಿತು.

ಒತ್ತುವರಿಯ ಮಾತು ಬಂದರೆ ಮೇಷ್ಟ್ರು ಒಂದು ತರಲೆ ಪ್ರಶ್ನೆ ಕೇಳುತ್ತಾರೆ: ಮೆಜೆಸ್ಟಿಕ್ ಬಸ್ ನಿಲ್ದಾಣದ ಕೆಳಗೆ ಏನಿತ್ತು? ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರುವಲ್ಲಿ? ಸಂಪಂಗಿ ಕೆರೆ. ಕೆರೆ ಅಂಗಳದಲ್ಲಿ ಬಿಡಿಎ ಮಾಡಿದ ಬಡಾವಣೆಗಳ ಪಟ್ಟಿ ಬೇರೆ ಇದೆ. ಖಾಸಗಿಯವನು ಕೆರೆ ನುಂಗಿದರೆ ಒತ್ತುವರಿ, ಸರ್ಕಾರ ನುಂಗಿದರೆ ಅಭಿವೃದ್ಧಿ. ಎ.ಟಿ. ರಾಮಸ್ವಾಮಿಯವರ ಸಮಿತಿ ಒತ್ತುವರಿಯ ವರದಿ ಕೊಟ್ಟಿತು, ಕೆರೆಗಳ ಬಗ್ಗೆ ಕೋಳಿವಾಡರ ಸಮಿತಿ ಕೊಟ್ಟಿತು. ವರದಿಗಳು ಮಾತ್ರ ಒತ್ತುವರಿಯಾಗದೆ ಕಪಾಟಿನಲ್ಲಿ ಸುರಕ್ಷಿತವಾಗಿವೆ.

ಫ್ಲೆಕ್ಸಿನ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ನೀವು ಕಿಟಕಿ ತೆರೆದರೆ ಅದೇ ಕಾಣುತ್ತದೆ. ಸಾರ್ವಜನಿಕ ಸ್ಥಳವನ್ನು ಅಂದಗೆಡಿಸಬಾರದೆಂದು 1981ರಿಂದ ಕಾನೂನಿದೆ. 2018ರಲ್ಲಿ ಹೈಕೋರ್ಟು ಗದರಿದಾಗ ಪಾಲಿಕೆಯವರು ಹಗಲು ರಾತ್ರಿ ಸಾವಿರಾರು ಫ್ಲೆಕ್ಸ್ ಕಿತ್ತರು, ನಗರಕ್ಕೆ ಆಕಾಶ ಇದೆ ಎಂಬುದು ಕೆಲವು ದಿನ ತಿಳಿದಿತ್ತು. 2023ರಲ್ಲಿ ಫ್ಲೆಕ್ಸ್ ಒಂದಕ್ಕೆ 50,000 ರೂಪಾಯಿ ದಂಡ ಎಂದರು. ನಮ್ಮ ಸರ್ಕಲಿನಲ್ಲಿ ಕೈ ಮುಗಿದು ನಿಂತಿರುವ ಯುವ ನಾಯಕರ ಲೆಕ್ಕದಲ್ಲಿ ದಂಡ ಹಾಕಿದ್ದರೆ ರಾಜ್ಯದ ಸಾಲ ತೀರುತ್ತಿತ್ತು. ಆದರೆ ಫ್ಲೆಕ್ಸಿನಲ್ಲಿ ಶುಭಾಶಯ ಕೋರಿಸಿಕೊಂಡಾತನ ಕೈಕೆಳಗೆ ಕೆಲಸ ಮಾಡುವವನೇ ಅದನ್ನು ಕೀಳಬೇಕು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ.

“ಇದನ್ನೆಲ್ಲ ಕಾರ್ಪೊರೇಟರಿಗೆ ಹೇಳ್ರೀ” ಎಂದು ನಾನು ಮೇಷ್ಟ್ರಿಗೆ ಸಲಹೆ ಕೊಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು. “ಯಾವ ಕಾರ್ಪೊರೇಟರಯ್ಯಾ?” ಅದೂ ಸರಿ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಸಂವಿಧಾನದ ಪೀಠಿಕೆಯನ್ನು ಸಾಲಾಗಿ ನಿಲ್ಲಿಸಿ ಓದಿಸುವ ಸರ್ಕಾರ ಒಳಗಿನ ಪುಟಗಳಿಗೆ ಇನ್ನೂ ಬಂದಿಲ್ಲವೇನೋ. ವಾರ್ಡುಗಳು 198 ಇದ್ದವು, 243 ಆದವು, ಸರ್ಕಾರ ಬದಲಾದ ಮೇಲೆ 225 ಆದವು. ಗಡಿ ಎಳೆಯುವುದು ಮುಗಿಯುವ ಹೊತ್ತಿಗೆ 2025ರ ಸೆಪ್ಟೆಂಬರ್ ಬಂದು ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಐದು ವರ್ಷಕ್ಕೊಮ್ಮೆ ನಡೆಯಬೇಕಾದ ಚುನಾವಣೆ ಐದು ವರ್ಷ ನಡೆಯಲೇ ಇಲ್ಲ. ಹಳ್ಳಿಯವರು ನಗಬೇಡಿ. ನಿಮ್ಮ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ತೀರಿದ್ದು, ಅಲ್ಲಿಯೂ ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ. ಆಸ್ತಿ ತೆರಿಗೆ ತಡವಾದರೆ ನಮಗೆ ಬಡ್ಡಿ ಬೀಳುತ್ತದೆ. ಪ್ರಜಾಪ್ರಭುತ್ವ ತಡವಾದರೆ ಯಾರಿಗೂ ಬೀಳುವುದಿಲ್ಲ.

ಹಾಗೆಂದು ಸರ್ಕಾರಕ್ಕೆ ದಂಡವೇ ಇಲ್ಲ ಎನ್ನಬೇಡಿ. ಸಕಾಲ ಎಂಬ ಕಾನೂನಿದೆ. 2011ರಲ್ಲಿ ಮಾಡಿದ್ದು, 2012ರ ಏಪ್ರಿಲ್ 2ರಂದು ಜಾರಿಗೆ ಬಂದದ್ದು. ಏಪ್ರಿಲ್ ಒಂದನ್ನು ತಪ್ಪಿಸಿದ ಅಧಿಕಾರಿಯ ಮುಂದಾಲೋಚನೆಗೆ ನನ್ನ ನಮಸ್ಕಾರ. ಹೇಳಿದ ದಿನದೊಳಗೆ ಕೆಲಸ ಮಾಡಿಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪ್ರಜೆಗೆ ಪರಿಹಾರ ಕೊಡಬೇಕು. ಅಂದರೆ ಇಪ್ಪತ್ತೈದು ದಿನ ತಡವಾದರೂ 500, ಎರಡು ವರ್ಷ ತಡವಾದರೂ 500. ಇಪ್ಪತ್ತಾರನೆಯ ದಿನದಿಂದ ವಿಳಂಬ ಪೂರ್ತಿ ಉಚಿತ.

ಮೇಷ್ಟ್ರಿಗೆ ಒಂದು ಪ್ರಮಾಣಪತ್ರ ಬೇಕಿತ್ತು, ಯಾವ ಕಚೇರಿ ಎಂದು ಕೇಳಬೇಡಿ. ಗಡುವು ಮೀರಿತು. ಮೇಷ್ಟ್ರು ಉತ್ಸಾಹದಿಂದ ಪರಿಹಾರ ಕೇಳಲು ಹೊರಟರು. ಹೆಲ್ಮೆಟಿನ 250 ಅಲ್ಲದಿದ್ದರೆ ಇಲ್ಲಾದರೂ ಸರ್ಕಾರದಿಂದ ನಾಲ್ಕು ಕಾಸು ವಸೂಲಿ ಮಾಡಿಯೇ ಸೈ ಎಂಬ ಹಠ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿದರು. ಒಂದು ಅರ್ಜಿ ಬರೆದುಕೊಡಿ ಎಂದರು. ಜೊತೆಗೆ ಮೂಲ ಅರ್ಜಿಯ ಸ್ವೀಕೃತಿ, ಅದರ ಜೆರಾಕ್ಸ್, ಆಧಾರ್, ಅದರ ಜೆರಾಕ್ಸ್. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ.

“ನಾಳೆ ಹೋಗ್ತೀರಾ?” ಎಂದೆ.

“ಹೋಗೋದು ಬರೋದು ಲೆಕ್ಕ ಹಾಕ್ತಿದ್ದೀನಿ ಕಣಯ್ಯಾ. ಅವರು ಕೊಡೋದು ದಿನಕ್ಕೆ ಇಪ್ಪತ್ತು. ಆಟೋ ಹತ್ತಿದರೆ ಕನಿಷ್ಠ ಮೂವತ್ತಾರು.”

“ಮೀಟರ್ ಹಾಕಿದರೆ ತಾನೇ ಮೇಷ್ಟ್ರೇ?” ಎಂದು ಕಂಟ್ರಾಕ್ಟರ್ ಗೇಟಿನಾಚೆಯಿಂದ ಕೂಗಿದ. “ಬನ್ನಿ, ನನ್ನ ಬೈಕಿದೆ. ಹೆಲ್ಮೆಟ್ ಮಾತ್ರ ಒಂದೇ.”